ಕಿವಿ ಕೋಣೆಯ ಫ್ಯಾನು

ಕಾರ್ಕಳದ ಕಿವಿ ಡಾಕ್ಟರರ ಕ್ಲಿನಿಕ್ಕಿನಿಂದ ಫೋನ್ ಬಂದಾಗ ನಾನು ಉಡುಪಿಯ ನನ್ನ ಅಂಗಡಿಯಲ್ಲಿ ಯಾರದೋ ಕೀಬೋರ್ಡನ್ನು ಮಗುಚಿ ಹಾಕಿ ಅದರೊಳಗಿನ ಚಕ್ಕುಲಿ ಪುಡಿ ಉದುರಿಸುತ್ತಿದ್ದೆ. ಮಾತಾಡಿದವರು ಅಲ್ಲಿ ಕಿವಿಯ ಪರೀಕ್ಷೆ ನಡೆಸುವ ಮೇಡಂ. ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವಷ್ಟೆ. ಕಿವಿಯ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಮಾಡುವುದು ನಮ್ಮ ಕಡೆಗೆ ಹೊಸತು. ಆ ಕಂಪ್ಯೂಟರನ್ನು ಜೋಡಿಸಿ ಕೊಟ್ಟವನು ನಾನೇ.

"ಅದಕ್ಕೆ ಎಂತದೋ ಆಗಿದೆ. ಬೆಳಿಗ್ಗೆ ಒಂದು ಹೇಳ್ತದೆ, ಮಧ್ಯಾಹ್ನ ಇನ್ನೊಂದು ಹೇಳ್ತದೆ" ಎಂದರು.

"ಮನುಷ್ಯರೂ ಹಾಗೇ ಅಲ್ವಾ ಮೇಡಂ?"

ಅವರು ನಗಲಿಲ್ಲ. "ತಮಾಷೆ ಬೇಡ. ಇಲ್ಲಿ ಒಬ್ಬ ಪೇಶೆಂಟ್ ಸುಮ್ಮನೆ ಸುಳ್ಳುಗಾರ ಆಗ್ತಾ ಇದ್ದಾನೆ. ಇವತ್ತೇ ಬನ್ನಿ."

ಚೀಲ ಹೆಗಲಿಗೆ ಹಾಕಿ ಬಸ್ಸು ಹತ್ತಿದೆ. ನಮ್ಮ ಕಡೆಯ ಖಾಸಗಿ ಬಸ್ಸುಗಳು ಡೀಸೆಲ್ಲಿಗಿಂತ ಹೆಚ್ಚು ಕಂಡಕ್ಟರನ ಸೀಟಿಯ ಮೇಲೆ ಓಡುತ್ತವೆ. ಹತ್ತಲು ಸೀಟಿ, ಇಳಿಯಲು ಸೀಟಿ, ಹಿಂದೆ ತೆಗೆಯಲು ಉದ್ದನೆಯ ಸೀಟಿ. ಕಾರ್ಕಳದಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿರಬಹುದು, ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು. ಅದರ ದಾರಿಗೆ ಸರಿಯಾಗಿ ಬೆನ್ನು ಹಾಕಿ ಒಬ್ಬ ನಿಂತಿದ್ದ. ಕಂಡಕ್ಟರ್ ಅವನ ಪಕ್ಕದಲ್ಲೇ ನಿಂತು ಕೆನ್ನೆ ಉಬ್ಬಿಸಿ ಊದುತ್ತಿದ್ದಾನೆ. ಅಂಗಡಿಯೊಳಗೆ ಕೂತವರೂ ತಲೆಯೆತ್ತಿ ನೋಡಿದರು. ಆ ಮನುಷ್ಯ ಮಾತ್ರ ಕದಲಲಿಲ್ಲ. ಹೆಂಗಸೊಬ್ಬಳು ಓಡಿಬಂದು ಅವನ ಅಂಗಿಯ ತೋಳು ಹಿಡಿದು ಎಳೆದಳು. ಬಸ್ಸು ಅವನು ನಿಂತಿದ್ದ ಜಾಗದ ಮೇಲೆ ಹಾದುಹೋಯಿತು.

"ಕಿವಿ ಕೇಳುದಿಲ್ವಾ ನಿಂಗೆ?" ಎಂದು ಕಂಡಕ್ಟರ್ ರೇಗಿದ.

"ಹೂಂರೀ, ಕೇಳಂಗಿಲ್ಲ" ಎಂದಳು ಆಕೆ, ಟಿಕೆಟ್ ಎಲ್ಲಿಗೆ ಎಂದು ಕೇಳಿದರೆ ಹೇಳುವಷ್ಟು ಸಾದಾ ಆಗಿ.

"ಕೇಳದಿದ್ರೆ ಮನೆಯಲ್ಲಿ ಕೂತ್ಕೊಳ್ಳಿ. ನಮ್ಮ ತಲೆಗೆ ಯಾಕೆ ತರ್ತೀರಿ?"

ಅವಳು ಗಂಡನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಏನೋ ಅಂದಳು. ಅವನು ಅದಕ್ಕೆ ಸರಿಯಾಗಿ ಉತ್ತರ ಕೊಟ್ಟ. ಅಷ್ಟು ದೊಡ್ಡ ಸೀಟಿ ಕೇಳದವನಿಗೆ ಇಷ್ಟು ಸಣ್ಣ ಮಾತು ಕೇಳಿತಲ್ಲ ಎಂದು ನನಗೆ ಆಶ್ಚರ್ಯವಾಯಿತು. ಕ್ಲಿನಿಕ್ಕಿಗೆ ಹೋಗಿ ನೋಡಿದರೆ ಸ್ವಲ್ಪ ಹೊತ್ತಿನಲ್ಲಿ ಅವರಿಬ್ಬರೂ ಅಲ್ಲಿಗೇ ಬಂದರು. ಸುಳ್ಳುಗಾರನಾಗುತ್ತಿದ್ದ ಪೇಶೆಂಟ್ ಅವನೇ.

ಬಾಗಲಕೋಟೆ ಕಡೆಯವರು. ಅವನು ಊರಾಚೆಯ ಕಲ್ಲುಕೋರೆಯಲ್ಲಿ ಕಂಪ್ರೆಸರ್ ಹಿಡಿದು ಬಂಡೆಗೆ ತೂತು ಕೊರೆಯುವ ಕೆಲಸಕ್ಕಿದ್ದ. ತೂತಿಗೆ ಮದ್ದು ತುಂಬಿ ಸಿಡಿಸುವ ಮುಂಚೆ ಮೇಲೆ ನಿಂತವನೊಬ್ಬ ಸೀಟಿ ಊದುತ್ತಾನೆ; ಊದಿದ ಮೇಲೆ ಗುಂಡಿಯಲ್ಲಿದ್ದವರೆಲ್ಲ ಓಡಿ ಮರೆಗೆ ಸೇರಬೇಕು. ಆ ಸೀಟಿ ಇವನಿಗೆ ಕೇಳುತ್ತಿರಲಿಲ್ಲ.

"ಮತ್ತೆ ಇಷ್ಟು ದಿನ ಹೇಗೆ?" ಎಂದು ನಾನು ಆಕೆಯನ್ನು ಕೇಳಿದೆ.

"ಬಾಜೂಕ ಕೆಲ್ಸಾ ಮಾಡಾವ ನಮ್ಮೂರಾವನ ಇದ್ದಾರೀ. ಸೀಟಿ ಆತಂದ್ರ ಕೈ ಹಿಡದು ಜಗ್ಗತಿದ್ದ. ಅವ ಕೆಲ್ಸಾ ಬಿಟ್ಟು ಊರಿಗೆ ಹೋದ. ಇನ್ನ ಬರಂಗಿಲ್ಲ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಮಾಲಕರು ಅಂದಾರ್ರೀ, ಕಿವಿ ಕೇಳಂಗಿಲ್ಲಂತ ಡಾಕ್ಟರ ಕಡೆಯಿಂದ ಬರಸ್ಕೊಂಡು ಬಾ, ಗೇಟಿನ್ಯಾಗ ಕುಂದರಸ್ತೀನಿ ಅಂತ. ಗುಂಡ್ಯಾಗಿಂದ ಮ್ಯಾಲ ಬಂದ್ರ ಸಾಕ್ರೀ ನಮಗ."

ಮಳೆ ಬಿಟ್ಟು ಕೋರೆಯ ಕೆಲಸ ಪೂರ್ತಿ ಶುರುವಾಗುವುದರೊಳಗೆ ಆ ಸರ್ಟಿಫಿಕೇಟ್ ಸಿಗಬೇಕಿತ್ತು. ಸಿಕ್ಕಿದರೆ ಗೇಟು, ಇಲ್ಲದಿದ್ದರೆ ಗುಂಡಿ.

ಡಾಕ್ಟರರು ಒಂದು ಕೋಣೆ ಕಟ್ಟಿಸಿದ್ದರು. ಊರಿನ ಆಚಾರಿಯಿಂದ ಪ್ಲೈವುಡ್ಡಿನ ಗೋಡೆ, ಒಳಗೆ ದಪ್ಪ ಸ್ಪಂಜು, ಅದರ ಮೇಲೆ ಕಾರ್ಪೆಟ್ಟು. ಹೊರಗಿನ ಸದ್ದು ಒಳಗೆ ಬರಬಾರದು. ಪೇಶೆಂಟನ್ನು ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಕಂಪ್ಯೂಟರ್ ಒಂದೊಂದೇ ಶಬ್ದ ಕಳಿಸುತ್ತದೆ, ಗುಡುಗಿನಂಥ ತಗ್ಗು ದನಿಯಿಂದ ಸೊಳ್ಳೆಯಂಥ ಕೀರಲು ದನಿಯವರೆಗೆ. ಕೇಳಿದರೆ ಗುಂಡಿ ಒತ್ತಬೇಕು. ಎಷ್ಟು ಸಣ್ಣದು ಕೇಳಿಸಿತೋ ಅದು ಗೆರೆಯಾಗಿ ಚಾರ್ಟಿನಲ್ಲಿ ಮೂಡುತ್ತದೆ; ಕಿವಿ ಮಂದವಾದಷ್ಟೂ ಗೆರೆ ಕೆಳಗೆ. ಶಬ್ದ ಕಳಿಸುವ ಪೆಟ್ಟಿಗೆಯ ಕೇಬಲ್ ಗಿಡ್ಡವಾಗಿದ್ದುದರಿಂದ ಕಂಪ್ಯೂಟರೂ ಕೋಣೆಯೊಳಗೇ ಇತ್ತು. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು, ನಾನು ಇಟ್ಟು ಹೋದ ಮೇಲೆ ಡಾಕ್ಟರರು ಅದೇ ಆಚಾರಿಯಿಂದ ಅದಕ್ಕೊಂದು ಹಲಸಿನ ಹಲಗೆಯ ಕಪಾಟು ಮಾಡಿಸಿದ್ದು. ಪಾಲಿಶು ಹಾಕಿ, ಬಾಗಿಲಿಗೆ ಹಿತ್ತಾಳೆಯ ಹಿಡಿ ಇಟ್ಟು, ದೇವರ ಮಂಟಪದ ಹಾಗೆ. ಕಾರ್ಕಳದಲ್ಲಿ ಕಲ್ಲಿನ ಧೂಳು ಗಾಳಿಯಷ್ಟೇ ಇದೆ. ಕಂಪ್ಯೂಟರಿಗೆ ಧೂಳು ತಾಗಬಾರದೆಂದು ಬಾಗಿಲು ಹಾಕಿಯೇ ಇಡುತ್ತಿದ್ದರು.

ಬಾಗಿಲು ತೆಗೆದೆ. ಧೂಳು ತಾಗಬಾರದವನ ಮೈಯೆಲ್ಲ ಧೂಳು. ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ನೀರುದೋಸೆಯ ಹಿಟ್ಟು ಒಣಗಿದಂತೆ ಬೂದು ಬಣ್ಣದ ಕಲ್ಲುಪುಡಿ ಮೆತ್ತಿಕೊಂಡಿತ್ತು. ಬ್ರಶ್ಶಿನಲ್ಲಿ ತೆಗೆದು, ಬ್ಲೋವರ್ ಹಿಡಿದು, ಬಿಸಿ ದಾಟಿಸುವ ಹಳೆಯ ಪೇಸ್ಟು ಒರೆಸಿ ಹೊಸದು ಹಚ್ಚಿ ಕೂರಿಸಿದೆ. ಫ್ಯಾನು ಮೆಲ್ಲಗೆ ತಿರುಗತೊಡಗಿತು. ಕೆಲಸ ಮುಗಿಯಿತೆಂದುಕೊಂಡೆ.

ಹೊರಗೆ ಬರುವಾಗ ಡಾಕ್ಟರರು ಆ ಮನುಷ್ಯನನ್ನು ಕಾಯುವವರ ನಡುವೆ ನಿಲ್ಲಿಸಿಕೊಂಡಿದ್ದರು. ಹಿಂದೆ ಬಂದಾಗ ಎರಡು ಸಲ ಪರೀಕ್ಷೆ ಆಗಿತ್ತು, ಒಮ್ಮೆ ಬೆಳಿಗ್ಗೆ, ಒಮ್ಮೆ ಮಧ್ಯಾಹ್ನ. ಎರಡರ ಗೆರೆ ಹೊಂದಿರಲಿಲ್ಲ. ಹೊಂದದಿದ್ದರೆ ಪೇಶೆಂಟ್ ಬೇಕೆಂದೇ ಗುಂಡಿ ಒತ್ತುತ್ತಿಲ್ಲ ಎಂದು ಅರ್ಥವಂತೆ, ಅವರ ಪುಸ್ತಕದಲ್ಲಿ. ಡಾಕ್ಟರರು ಅವನ ಬೆನ್ನ ಹಿಂದೆ ಹೋಗಿ ನಿಂತು, ನಮಗೆಲ್ಲ ಕಣ್ಣು ಮಿಟುಕಿಸಿ, ತಗ್ಗಿದ ದನಿಯಲ್ಲಿ, "ನಿನ್ನ ಹೆಂಡ್ತಿ ಯಾರ ಜೊತೆಗೋ ಓಡಿ ಹೋದ್ಲಂತೆ" ಎಂದರು.

ಅವನು ಗಕ್ಕನೆ ತಿರುಗಿ ನೋಡಿದ. ಕಾಯುತ್ತಿದ್ದವರು ಗೊಳ್ಳೆಂದು ನಕ್ಕರು. ಹೆಂಡತಿ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು.

"ನೋಡಿದ್ರಾ? ಬೇಕಾದ್ದು ಕೇಳ್ತದೆ, ಬೇಡದ್ದು ಕೇಳುದಿಲ್ಲ. ಒಳ್ಳೆ ನಾಟಕ ಕಂಪೆನಿ."

ನನಗೆ ಮೈಯೆಲ್ಲ ಉರಿಯಿತು. "ಡಾಕ್ಟ್ರೆ, ಈಗಷ್ಟೇ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಇವರ ಕಿವಿಯ ಹತ್ರವೇ ವಿಸಿಲ್ ಊದಿದ. ಗೊತ್ತಾಗ್ಲಿಲ್ಲ ಇವರಿಗೆ. ಬಸ್ಸು ಮೇಲೆಯೇ ಬರ್ತಿತ್ತು. ಸಾಯ್ಲಿಕ್ಕೆ ಯಾರು ನಾಟಕ ಮಾಡ್ತಾರೆ?"

ಡಾಕ್ಟರರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನೀವು ಫ್ಯಾನ್ ನೋಡಿ ಮಾರಾಯ್ರೆ. ಕಿವಿ ನಾವು ನೋಡ್ತೇವೆ."

ಸರಿ, ಫ್ಯಾನ್ ನೋಡುತ್ತೇನೆ ಎಂದು ಹಟಕ್ಕೆ ಬಿದ್ದದ್ದು ಆಗಲೇ.

ಕೆಲವು ದಿನ ಬಿಟ್ಟು ಮೇಡಂ ಮತ್ತೆ ಫೋನ್ ಮಾಡಿದರು. ಧೂಳು ತೆಗೆದದ್ದರಿಂದ ಏನೂ ಆಗಿರಲಿಲ್ಲ. ಮಧ್ಯಾಹ್ನದ ಗೆರೆ ಮತ್ತೆ ಕೆಳಗೆ ಬಿದ್ದಿತ್ತು. ಈ ಸಲ ನಾನು ಸ್ಕ್ರೂಡ್ರೈವರ್ ಹೊರಗೆ ತೆಗೆಯಲೇ ಇಲ್ಲ. "ನನ್ನನ್ನೇ ಪೇಶೆಂಟ್ ಅಂತ ತಿಳ್ಕೊಳ್ಳಿ. ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ" ಎಂದೆ.

ಮೇಡಂ ಬಾಗಿಲು ಹಾಕಿದರು. ಎಸಿ ಗುಂಯ್‌ಗುಡುತ್ತಿತ್ತು, ಆರಿಸಿದರು. ಮೇಲೆ ಸೀಲಿಂಗ್ ಫ್ಯಾನಿತ್ತು, ಅದನ್ನೂ ಆರಿಸಿದರು. ಪರೀಕ್ಷೆಗೆ ನಿಶ್ಶಬ್ದ ಬೇಕಲ್ಲ. ನನಗೆ ಹೆಡ್‌ಫೋನ್ ಹಾಕಿ ಶಬ್ದ ಕಳಿಸತೊಡಗಿದರು. ಮೊದಲು ಎಲ್ಲ ಸರಿಯಿತ್ತು. ಕರಾವಳಿಯ ಸೆಕೆಗೆ ಪ್ಲೈವುಡ್ಡಿನ ಪೆಟ್ಟಿಗೆಯಂಥ ಕೋಣೆ. ಬೆನ್ನಲ್ಲಿ ಬೆವರು ಇಳಿಯತೊಡಗಿತು. ಹಲಸಿನ ಮಂಟಪದೊಳಗೆ ಇನ್ನೂ ಹೆಚ್ಚು. ನಿಧಾನವಾಗಿ, ದೂರದಲ್ಲಿ ಯಾರೋ ಮೋಟಾರು ಹಾಕಿದ ಹಾಗೆ, ಒಂದು ಹೂಂಕಾರ ಏರತೊಡಗಿತು. ತಗ್ಗು ದನಿಯ ಬೀಪು ಯಾವುದು, ಹೂಂಕಾರ ಯಾವುದು ಎಂದು ನನಗೇ ಗೊತ್ತಾಗದೆ ಗುಂಡಿಯ ಮೇಲೆ ಬೆರಳಿಟ್ಟು ಕೂತೆ. ನನ್ನ ಗೆರೆಯೂ ಕೆಳಗೆ ಬಿತ್ತು.

ಆಗ ನನಗೆ ನಗು ಬಂತು. ಕೋಣೆಯನ್ನು ಇವರು ಎಷ್ಟು ನಿಶ್ಶಬ್ದ ಮಾಡುತ್ತಾರೋ ಕಂಪ್ಯೂಟರ್ ಅಷ್ಟು ಗದ್ದಲ ಮಾಡುತ್ತಿತ್ತು.

ಇದರ ಗುಟ್ಟು ಇಷ್ಟೇ. ಪ್ರೊಸೆಸರನ್ನು ತಣ್ಣಗಿಡುವ ಅಂಥ ಫ್ಯಾನಿನಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಮಣಿ ಇರುತ್ತದೆ, ಥರ್ಮಿಸ್ಟರ್ ಎಂದು. ಬಿಸಿ ತಾಗಿದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆ ಕಡಿಮೆಯಾಗುತ್ತದೆ. ಫ್ಯಾನಿಗೆ ಹೆಚ್ಚು ವೋಲ್ಟೇಜು ಸಿಕ್ಕಿ ಜೋರಾಗಿ ತಿರುಗುತ್ತದೆ. ತಣ್ಣಗಾದರೆ ತಾನಾಗಿ ನಿಧಾನವಾಗುತ್ತದೆ. ಸದ್ದು ಬೇಕಾದಾಗ ಮಾತ್ರ, ಉಳಿದ ಹೊತ್ತು ಮೌನ. ಒಳ್ಳೆಯ ಏರ್ಪಾಡೇ. ಆದರೆ ಈ ಫ್ಯಾನಿನ ಮಣಿ ಕೂತಿದ್ದದ್ದು ಅದರ ರೆಕ್ಕೆಗಳು ಕೂಡುವ ನಡುಭಾಗದಲ್ಲಿ. ಅದು ನೋಡುವುದು ಪ್ರೊಸೆಸರಿನ ಬಿಸಿಯನ್ನಲ್ಲ, ತಾನು ಎಳೆದುಕೊಳ್ಳುವ ಗಾಳಿಯ ಬಿಸಿಯನ್ನು. ಬೆಳಿಗ್ಗೆ ತಂಪು ಗಾಳಿ, ಮಧ್ಯಾಹ್ನ ಬಿಸಿ ಗಾಳಿ. ಬೀಪು ಕಳಿಸುವುದು ಪ್ರೊಸೆಸರಿಗೆ ಒಂದು ಕೆಲಸವೇ ಅಲ್ಲ, ಅದು ಕೈಕಟ್ಟಿ ಕೂತಿರುತ್ತದೆ. ಆದರೂ ಮುಚ್ಚಿದ ಕಪಾಟಿನ ಗಾಳಿ ಬಿಸಿಯಾಯಿತೆಂದು ಫ್ಯಾನು ಹುಚ್ಚು ಹಿಡಿದಂತೆ ಓಡುತ್ತಿತ್ತು.

"ಹಾಗಾದ್ರೆ ಅವನು ಸುಳ್ಳು ಹೇಳಿದ್ದಲ್ಲ" ಎಂದರು ಮೇಡಂ. ಅವರ ಮುಖದಲ್ಲಿ ಬೆಳಕು ಬಂತು.

"ಸುಳ್ಳು ಹೇಳಿದ್ದು ಕಪಾಟು" ಎಂದೆ.

ರೋಗ ತಿಳಿದ ಮೇಲೆ ಮದ್ದು ಸುಲಭ ಎನ್ನುತ್ತಾರೆ. ಹಾಗೆ ಹೇಳಿದವರು ರಿಪೇರಿ ಮಾಡಿದವರಲ್ಲ. ಕಪಾಟಿನ ಬಾಗಿಲು ತೆಗೆದಿಡಿ ಎಂದರೆ ಡಾಕ್ಟರರು ಒಪ್ಪಲಿಲ್ಲ, ಧೂಳು. ಕೇಬಲ್ ಉದ್ದ ಮಾಡಿ ಕಂಪ್ಯೂಟರನ್ನು ಹೊರಗಿಡೋಣವೆಂದು ನೋಡಿದರೆ ಹೆಡ್‌ಫೋನಿನಲ್ಲೇ ಗುಂಯ್ ಎಂಬ ಸದ್ದು ಸೇರಿಕೊಂಡಿತು. ಆಗ ಸುಲಭದ ದಾರಿ ಹಿಡಿದೆ. ಮಣಿಯೇ ಇಲ್ಲದ ಸಾದಾ ಫ್ಯಾನು ಹಾಕಿ, ಅದಕ್ಕೆ ಹನ್ನೆರಡು ವೋಲ್ಟಿನ ಬದಲು ಏಳು ಸಿಗುವಂತೆ ತಂತಿ ಬದಲಿಸಿದೆ. ಯಾವಾಗಲೂ ನಿಧಾನ, ಯಾವಾಗಲೂ ಮೌನ. ಕಿವಿ ಹತ್ತಿರ ಹಿಡಿದರೂ ಸದ್ದಿಲ್ಲ. ಸಂತೋಷದಿಂದ ಹೋಟೆಲಿಗೆ ಹೋಗಿ ಬನ್ಸು ತಿಂದು ಬಂದೆ.

ನೆಗಡಿಗೆ ಹೆದರಿ ಮೂಗು ಕೊಯ್ದುಕೊಂಡ ಹಾಗಾಯಿತು. ಆ ಮನುಷ್ಯನ ಮರುಪರೀಕ್ಷೆಯ ದಿನ ನಾನೂ ಹೋಗಿ ಹೊರಗೆ ಕಾಯುತ್ತಿದ್ದೆ. ಅವನು ಒಂದು ದಿನದ ಕೂಲಿ ಬಿಟ್ಟು ಹೆಂಡತಿಯ ಜೊತೆ ಬಂದಿದ್ದ. ಎಡ ಕಿವಿ ಮುಗಿಯಿತು. ಬಲ ಕಿವಿಯ ನಡುವೆ ಕಂಪ್ಯೂಟರ್ ಟಪ್ಪೆಂದು ಆರಿತು. ನಿಧಾನದ ಫ್ಯಾನು ಆ ಬಿಸಿ ಕಪಾಟಿನಲ್ಲಿ ಪ್ರೊಸೆಸರನ್ನು ಕಾಪಾಡಲಾಗದೆ ಅದು ತನ್ನನ್ನು ತಾನೇ ಮುಚ್ಚಿಕೊಂಡಿತ್ತು. ಮೊದಲಿನ ಗೆರೆಯೂ ಅಳಿಸಿಹೋಗಿತ್ತು. ಒಳಗೆ ಆ ಮನುಷ್ಯ ಹೆಡ್‌ಫೋನ್ ಹಾಕಿಕೊಂಡು ಇನ್ನೂ ಕೂತೇ ಇದ್ದ, ಗುಂಡಿಯ ಮೇಲೆ ಬೆರಳಿಟ್ಟು, ಬರದ ಶಬ್ದಕ್ಕೆ ಕಾಯುತ್ತಾ. ಶಬ್ದ ತನಗೆ ಕೇಳುತ್ತಿಲ್ಲವೆಂದೇ ಅವನು ತಿಳಿದಿದ್ದ. ಅವನ ಹಣೆಯ ಬೆವರು ನೋಡಿ ನನಗೆ ಸಂಕಟವಾಯಿತು.

ಡಾಕ್ಟರರು ಬಂದು ನೋಡಿದರು. "ನಿಮ್ಮ ಕಂಪ್ಯೂಟರಿಗೂ ಈ ಗಿರಾಕಿಯನ್ನು ಕಂಡ್ರೆ ಆಗುದಿಲ್ಲ ಅಂತ ಕಾಣ್ತದೆ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇನ್ನೊಂದೇ ಸಲ. ಅದರಲ್ಲೂ ಹೊಂದದಿದ್ರೆ ನಾಟಕ ಅಂತಲೇ ಬರೀತೇನೆ" ಎಂದರು.

"ಹಂಗ ಬರೀಬ್ಯಾಡ್ರಿ ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಆಕೆ ಬಾಗಿದಳು. ಡಾಕ್ಟರರು ಕಾಲು ಹಿಂದಕ್ಕೆ ಎಳೆದುಕೊಂಡದ್ದು ವಿನಯದಿಂದಲ್ಲ, ಬೂಟಿಗೆ ಧೂಳು ತಾಗೀತೆಂದು.

ನಾನು ಕಂಪ್ಯೂಟರನ್ನು ಬಿಚ್ಚಿ ಹೊತ್ತುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಸದ್ದು ಮಾಡುವ ಫ್ಯಾನೂ ತಪ್ಪು, ಮಾಡದ ಫ್ಯಾನೂ ತಪ್ಪು. ಹಿರಿಯಡ್ಕ ದಾಟುವಾಗ ಹೊಳೆಯಿತು: ಫ್ಯಾನಿನ ವೇಗವನ್ನು ಬದಲಿಸುವುದಲ್ಲ, ಅದರ ಕಣ್ಣನ್ನು ಬದಲಿಸಬೇಕು. ಮಣಿ ಗಾಳಿಯನ್ನು ನೋಡುವುದು ಬೇಡ, ಕಾಯಬೇಕಾದ ಪ್ರೊಸೆಸರನ್ನೇ ನೋಡಲಿ. ಅದು ಸುಮ್ಮನಿರುವಷ್ಟು ಹೊತ್ತು ಇದೂ ಸುಮ್ಮನಿರಲಿ.

ಮಣಿಪಾಲದಲ್ಲಿ ಇಳಿದೆ. ಅಲ್ಲಿ ಕಾಲೇಜು ಮಕ್ಕಳಿಗೆ ಆಟದ ಕಂಪ್ಯೂಟರಿನ ಸಾಮಾನು ಮಾರುವ ಅಂಗಡಿಯೊಂದಿತ್ತು. ಉಡುಪಿಯಲ್ಲಿ ಸಿಗದ್ದು ಅಲ್ಲಿ ಸಿಗುತ್ತಿತ್ತು. ಅಂಗೈಗಿಂತ ಅಗಲದ, ಮಣಿಯಿರುವ ಒಂದು ಫ್ಯಾನು ಕೊಂಡೆ. ಅಗಲದ ಫ್ಯಾನು ನಿಧಾನವಾಗಿ ತಿರುಗಿಯೇ ಸಣ್ಣ ಫ್ಯಾನು ಕಿರುಚಿ ಕೊಡುವಷ್ಟು ಗಾಳಿ ಕೊಡುತ್ತದೆ. ಕಾಪುವಿನ ನನ್ನ ಮನೆಗೆ ಒಯ್ದು, ಮಣಿಯನ್ನು ಜಾಗದಿಂದ ಬಿಡಿಸಿ, ಅದರ ಕಾಲುಗಳಿಗೆ ಗೇಣುದ್ದದ ತಂತಿ ಬೆಸೆದು, ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳ ಬುಡಕ್ಕೆ ತಾಗುವಂತೆ ಕೂರಿಸಿದೆ. ಅಲ್ಲಿನ ಬಿಸಿ ಬೇರೆ, ಗಾಳಿಯ ಬಿಸಿ ಬೇರೆ. ಅದಕ್ಕೆ ತಕ್ಕ ಹಾಗೆ ವಿದ್ಯುತ್ತಿಗೆ ತಡೆಯೊಡ್ಡುವ ಒಂದು ರೆಸಿಸ್ಟರ್ ಸೇರಿಸಬೇಕಾಯಿತು. ಹೆಚ್ಚು ಹಾಕಿದರೆ ಫ್ಯಾನು ಏಳುವುದೇ ಇಲ್ಲ, ಕಡಿಮೆ ಹಾಕಿದರೆ ಹಳೆಯ ಹುಚ್ಚೇ. ಹಾಕಿ ತೆಗೆದು, ಹಾಕಿ ತೆಗೆದು ಸಾಕಾಯಿತು.

ಇನ್ನೊಂದು ಪೀಕಲಾಟ, ನನ್ನ ಮನೆ ಕಡಲಿಗೆ ಹತ್ತಿರ. ಅಲ್ಲಿ ನಿಶ್ಶಬ್ದವೆಂಬುದೇ ಇಲ್ಲ. ಸದ್ದು ಫ್ಯಾನಿನದೋ ಕಡಲಿನದೋ ತಿಳಿಯದೆ ಕಂಪ್ಯೂಟರನ್ನು ಬಟ್ಟೆಯ ಕಪಾಟಿನೊಳಗಿಟ್ಟು, ನಾನೂ ತಲೆ ಒಳಗೆ ತೂರಿಸಿ, ಮೇಲೆ ಕಂಬಳಿ ಹೊದ್ದು ಕೂತೆ. ಸೆಕೆಯೂ ಸಿಕ್ಕಿತು, ಮುಚ್ಚಿದ ಕಪಾಟೂ ಸಿಕ್ಕಿತು. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿರಲಿಲ್ಲ. "ಹುಚ್ಚು ಹಿಡಿದದ್ದು ಫ್ಯಾನಿಗೋ ನಿಮಗೋ?" ಎಂದು ಹೆಂಡತಿ ಕೇಳಿದಳು. ಮೈಯೆಲ್ಲ ಬೆವರಾಗಿ ಹೊರಗೆ ಬಂದಾಗಲೂ ಫ್ಯಾನು ಅಷ್ಟೇ ಮೆಲ್ಲಗೆ ತಿರುಗುತ್ತಿತ್ತು. ಕಂಪ್ಯೂಟರ್ ಆರಲಿಲ್ಲ. ಪ್ರೊಸೆಸರಿಗೆ ಬೇಕೆಂದೇ ಭಾರದ ಕೆಲಸ ಕೊಟ್ಟೆ, ಫ್ಯಾನು ಎದ್ದಿತು. ಕೆಲಸ ನಿಲ್ಲಿಸಿದೆ, ಮತ್ತೆ ತಗ್ಗಿತು. ಸಂತೋಷಕ್ಕೆ ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಕ್ಲಿನಿಕ್ಕಿನಲ್ಲಿ ಮಂಟಪದ ಹಿಂದಿನ ಹಲಗೆಗೆ ಕಿಂಡಿ ಕೊರೆದು, ಧೂಳು ತಡೆಯಲು ಬೈಕಿನ ಏರ್ ಫಿಲ್ಟರಿನ ಸ್ಪಂಜು ಕತ್ತರಿಸಿ ಅಂಟಿಸಿದೆ. ಪಾಲಿಶು ಹಾಳಾಯಿತೆಂದು ಡಾಕ್ಟರರು ಗೊಣಗಿದರು. ಮೇಡಂ ಎಸಿ ಆರಿಸಿ, ಫ್ಯಾನ್ ಆರಿಸಿ, ಬಾಗಿಲು ಹಾಕಿ ತಮ್ಮನ್ನೇ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಪರೀಕ್ಷಿಸಿಕೊಂಡರು. ಎರಡು ಗೆರೆಗಳೂ ಒಂದರ ಮೇಲೊಂದು ಕೂತವು.

ಆ ಮನುಷ್ಯನನ್ನೂ ಅದೇ ದಿನ ಕರೆಸಿದ್ದರು. ಅವನಿಗೂ ಹಾಗೆಯೇ ಎರಡು ಸಲ ಮಾಡಿದರು. ಎರಡೂ ಹೊಂದಿದವು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ. ಡಾಕ್ಟರರೂ ಚಾರ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇಲ್ಲ, ನಾಟಕ ಅಲ್ಲ" ಎಂದು ಒಪ್ಪಿದರು. ನಾನು ಹೊರಗೆ ಬಂದು ಆಕೆಗೆ ಹೇಳಿದೆ, "ನಿಮ್ಮವರು ಸುಳ್ಳು ಹೇಳಿದ್ದಲ್ಲ ಅಂತ ಆಯ್ತಮ್ಮ."

"ದೇವ್ರು ನಿಮಗ ಛಲೋ ಮಾಡ್ಲಿ, ಯಣ್ಣಾ" ಎಂದು ಕೈ ಮುಗಿದಳು.

ಚೀಲ ತರಲೆಂದು ಒಳಗೆ ಹೋದರೆ ಮೇಡಂ ಕೂತಲ್ಲೇ ಕೂತಿದ್ದರು. ಚಾರ್ಟು ಎದುರಿಗಿತ್ತು. ಗೆರೆ ಎಡದಿಂದ ಹೊರಟು ನಡುವಿನವರೆಗೆ ಸುಮಾರು ಸಪಾಟಾಗಿ ಬಂದು, ಬಲಗಡೆ ಕೀರಲು ದನಿಗಳ ಹತ್ತಿರ ಕೋರೆಯ ಅಂಚಿನಿಂದ ಕೆಳಗೆ ಬಿದ್ದ ಹಾಗೆ ಬಿದ್ದಿತ್ತು.

"ಕಂಪ್ರೆಸರಿನ ಸದ್ದಿಗೆ ಹೋಗುವುದು ಹೀಗೇ" ಎಂದರು. "ತಗ್ಗು ದನಿ ಉಳೀತದೆ, ಮಾತು ಕೇಳ್ತದೆ. ಕೀರಲು ದನಿ ಪೂರ್ತಿ ಹೋಗ್ತದೆ. ವಿಸಿಲ್ ಇರುವುದು ಇಲ್ಲಿ." ಅವರ ಬೆರಳು ಗೆರೆ ಬಿದ್ದ ಜಾಗದಲ್ಲಿತ್ತು.

"ಮತ್ತೆ ಎಂತ ಬೇಕು? ಸರಿಯಾಗಿಯೇ ಉಂಟಲ್ವಾ?"

"ಸರ್ಟಿಫಿಕೇಟಿಗೆ ಇದನ್ನು ಲೆಕ್ಕಕ್ಕೆ ಹಿಡಿಯುದಿಲ್ಲ. ಮಾತಿನ ದನಿಗಳು ಉಂಟಲ್ಲ, ಎಡದ್ದು, ನಡುವಿನದ್ದು, ಅದರ ಸರಾಸರಿ ಮಾತ್ರ. ಆ ಸರಾಸರಿಯಲ್ಲಿ ಇವನು ನಾರ್ಮಲ್."

ನಾನು ಚಾರ್ಟಿನ ಹತ್ತಿರ ಬಾಗಿ ನೋಡಿದೆ. ಆಮೇಲೆ ಕೇಳಿದೆ, "ಹಾಗಾದ್ರೆ ಮೊದಲಿನ ಮಧ್ಯಾಹ್ನದ ಚಾರ್ಟು? ಫ್ಯಾನ್ ಹೂಂಕರಿಸ್ತಾ ಇದ್ದಾಗಿನದ್ದು?"

ಮೇಡಂ ನನ್ನನ್ನು ನೋಡಲಿಲ್ಲ. "ಅದರಲ್ಲಿ ಎಡದ ದನಿಗಳು ಫ್ಯಾನಿನ ಸದ್ದಲ್ಲಿ ಮುಳುಗಿದ್ದವು. ಅದರ ಸರಾಸರಿಯಲ್ಲಿ ಸರ್ಟಿಫಿಕೇಟ್ ಆಗ್ತಿತ್ತು."

ಸುಳ್ಳು ಯಂತ್ರ ಅವನನ್ನು ಗೇಟಿನಲ್ಲಿ ಕೂರಿಸುತ್ತಿತ್ತು. ನಾನು ರಿಪೇರಿ ಮಾಡಿದ ಸತ್ಯದ ಯಂತ್ರ ಅವನನ್ನು ಗುಂಡಿಗೆ ಇಳಿಸಿತು. ನಾನು ಮಾಡಿದ ಕೆಲಸ ತಪ್ಪೆಂದು ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಅಳತೆ ಎಂದ ಮೇಲೆ ಸರಿ ಇರಬೇಕು. ಆದರೆ ಯಾವುದನ್ನು ಅಳೆಯಬೇಕೆಂದು ತಣ್ಣಗಿನ ಕೋಣೆಯಲ್ಲಿ ಕೂತು ತೀರ್ಮಾನಿಸಿದವರು ಒಮ್ಮೆಯಾದರೂ ಕಲ್ಲುಕೋರೆಯಲ್ಲಿ ನಿಂತು ಸೀಟಿಗೆ ಕಿವಿಗೊಟ್ಟಿದ್ದರೇ? ಆ ಸಿಟ್ಟು ಇನ್ನೂ ಇಳಿದಿಲ್ಲ.

ಮೇಡಂ ಸುಮ್ಮನಿರಲಿಲ್ಲ. ಬಲಗಡೆಯ ಬೀಳನ್ನು ವಿವರಿಸಿ, ಈತನಿಗೆ ಸೀಟಿಯಂಥ ದನಿ ಕೇಳುವುದಿಲ್ಲವೆಂದು ಬರೆಯೋಣವೆಂದು ಡಾಕ್ಟರರ ಹತ್ತಿರ ಹೋದರು. ನಾನೂ ಬೆನ್ನಿಗೆ ನಿಂತೆ.

"ಅವರು ಕೇಳಿದ್ದೆಂತ? ಕಿವಿ ಕೇಳ್ತದಾ, ಇಲ್ವಾ?" ಎಂದರು ಡಾಕ್ಟರರು. "ಲೆಕ್ಕದಲ್ಲಿ ಕೇಳ್ತದೆ. ವಿಸಿಲಿಗೊಂದು, ಗಂಟೆಗೊಂದು, ಹಕ್ಕಿ ಕೂಗುದಕ್ಕೊಂದು ಅಂತ ಸರ್ಟಿಫಿಕೇಟ್ ಕೊಡ್ಲಿಕ್ಕೆ ಆಗ್ತದಾ?"

ಕೊನೆಗೆ ಮೇಡಮ್ಮನ ಒತ್ತಾಯಕ್ಕೆ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಇಂಗ್ಲಿಷ್ ಸಾಲು ಸೇರಿತು. ಮೇಲೆ ದಪ್ಪಕ್ಷರದಲ್ಲಿ ನಾರ್ಮಲ್ ಎಂದಿತ್ತು. ಮೇಡಂ ಆಕೆಗೆ ಹೊರಗೆ ನಿಂತು ವಿವರಿಸಿ ಹೇಳಿದರು. ಆಕೆ ಪೂರ್ತಿ ಕೇಳಿ, "ಅಂದ್ರ ಖರೇ ಹೇಳಿದ್ದು ತಪ್ಪಾತೇನ್ರಿ ಮೇಡಂ?" ಎಂದಳು. ಗಂಡನಿಗೆ ಮಾತು ಕೇಳಿತ್ತು. ಆಕೆ ತಗ್ಗು ದನಿಯಲ್ಲೇ ಆಡಿದ್ದಲ್ಲವೇ. "ನಡಿ, ಮೂರರ ಬಸ್ಸು ಹೋಗ್ತದ" ಎಂದ.

ಕೋರೆಯ ಮಾಲಕರು ಆ ದಪ್ಪಕ್ಷರವನ್ನೇ ಓದಿರಬೇಕು. ಅವನು ಗುಂಡಿಗೆ ಮರಳಿದನೆಂದು ಮೇಡಂ ಮುಂದೊಮ್ಮೆ ಫೋನಿನಲ್ಲಿ ಹೇಳಿದರು. ಸ್ವಲ್ಪ ಕಾಲದ ಮೇಲೆ ಆ ಕ್ಲಿನಿಕ್ ಬಿಟ್ಟು ಬೇರೆ ಊರಿಗೆ ಹೋದರು.

ನಾನು ಮುಂದಿನ ಬೇಸಗೆಯಲ್ಲಿ ಆ ಕೋರೆಗೆ ಹೋದದ್ದು ಅವನನ್ನು ಹುಡುಕಿಕೊಂಡಲ್ಲ. ಅವರ ಆಫೀಸಿನ ಕಂಪ್ಯೂಟರ್ ಸದ್ದು ಮಾಡುತ್ತದೆಂದು ಕರೆ ಬಂದಿತ್ತು, ಡಾಕ್ಟರರೇ ನನ್ನ ನಂಬರ್ ಕೊಟ್ಟಿದ್ದರಂತೆ: ಫ್ಯಾನಿನ ವಿಷಯದಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದು. ಗೇಟಿನ ಹತ್ತಿರ ಕುರ್ಚಿಯಲ್ಲಿ ಒಬ್ಬ ಕೂತಿದ್ದ. ದಾಟಿ ಹೋದ ಮೇಲೆ ಗುರುತು ಹತ್ತಿತು. ತಿರುಗಿ ನೋಡಿದೆ. ಅವನ ಎಡಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ.

ಆಫೀಸಿನಲ್ಲಿ ಮಾಲಕರು ಎಳನೀರು ತರಿಸಿದರು. ನಾನು ಕೇಳುವ ಮೊದಲೇ ಹೇಳಿದರು. "ಪಾಪ, ಆಚೆಯ ಬದಿಯಲ್ಲಿ ಮದ್ದಿಟ್ಟಿದ್ದೆವು. ವಿಸಿಲ್ ಊದಿದ್ದೇವೆ, ಇಡೀ ಊರಿಗೆ ಕೇಳಿದೆ. ಇವನು ಮಾತ್ರ ನಿಂತಲ್ಲೇ ನಿಂತಿದ್ದ. ಕಿವಿ ಸರಿ ಉಂಟು ಅಂತ ಡಾಕ್ಟ್ರೇ ಬರೆದು ಕೊಟ್ಟದ್ದು ನಮ್ಮತ್ರ ಇತ್ತು. ಹಾಗಾಗಿ ಕೇಸು ಗೀಸು ಎಂತದೂ ಆಗ್ಲಿಲ್ಲ. ಬೇರೆಯವರಾದ್ರೆ ಊರಿಗೆ ಕಳಿಸ್ತಿದ್ರು. ನಾನು ಕೈ ಬಿಡ್ಲಿಲ್ಲ, ಗೇಟಿನಲ್ಲಿ ಕೂರಿಸಿದೆ. ಅವನಿಗೂ ಅದೇ ಬೇಕಿತ್ತಲ್ಲ."

ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದವರಿಗೂ ಇಷ್ಟು ಹೆಮ್ಮೆ ಇದ್ದಿರಲಿಕ್ಕಿಲ್ಲ. ಎಳನೀರನ್ನು ಹಾಗೇ ಮೇಜಿನ ಮೇಲಿಟ್ಟೆ. ಫ್ಯಾನಿನ ಧೂಳು ತೆಗೆದು, ಎಣ್ಣೆ ಬಿಟ್ಟು, ಮೇಲೆ ನೋಡದೆ ಹೊರಗೆ ಬಂದೆ.

ಗೇಟಿನಲ್ಲಿ ಒಂದು ಲಾರಿ ಜಲ್ಲಿ ತುಂಬಲು ಹಿಂದಕ್ಕೆ ಬರುತ್ತಿತ್ತು. ಅವನು ಊರುಗೋಲು ಹಿಡಿದು ಎದ್ದು ನಿಂತಿದ್ದ. ಕೊರಳಲ್ಲಿ ದಾರ ಕಟ್ಟಿದ ಒಂದು ಸೀಟಿ ಇತ್ತು. ಅದನ್ನು ಬಾಯಿಗಿಟ್ಟು ಕೆನ್ನೆ ಉಬ್ಬಿಸಿ ಊದಿದ. ಲಾರಿ ನಿಂತಿತು. ಅವನ ಕಣ್ಣು ಡ್ರೈವರನ ಮುಖದ ಮೇಲಿತ್ತು; ಊದಿದ್ದು ಶಬ್ದವಾಯಿತೇ ಇಲ್ಲವೇ ಎಂದು ತಿಳಿಯಲು ಅವನಿಗೆ ಬೇರೆ ದಾರಿಯಿರಲಿಲ್ಲ.

ನ‌ನ್ನನ್ನು ನೋಡಿ ಗುರುತು ಹಿಡಿದು ನಕ್ಕ. "ಕಂಪ್ಯೂಟರ್ ಸಾಹೇಬ್ರ, ಆರಾಮ ಅದೀರಿ?" ಎಂದ. ಆರಾಮ ಎಂದೆ. ಹೆಂಡತಿಯನ್ನು ಕೇಳಿದೆ. "ಅಕೀ ಈಗ ಗುಂಡ್ಯಾಗ ಕಲ್ಲು ಹೊರ್ತಾಳ್ರಿ" ಎಂದ.

ಆಮೇಲೆ ಸೀಟಿಯನ್ನು ಅಂಗಿಗೆ ಒರೆಸಿ, ನನ್ನ ಎದುರಿಗೆ ಇನ್ನೊಮ್ಮೆ ಊದಿ, ಯಾರಿಗೂ ಕೇಳಬಾರದೆಂಬಂತೆ ಹತ್ತಿರ ಬಾಗಿ ಕೇಳಿದ, "ಬರೋಬ್ಬರಿ ಕೇಳಸ್ತದೇನ್ರೀ? ಇಲ್ಲಿಂದ ಗುಂಡೀತನಕ ಮುಟ್ಟತದೇನ್ರೀ?"

"ಮುಟ್ತದೆ" ಎಂದೆ.